ಚೆನ್ನೈಯ ತರಗೆಲೆ ಲೆಕ್ಕ

ಫೆಬ್ರವರಿ ಕೊನೆಯ ಹೊತ್ತಿಗೆ ಚೆನ್ನೈಯ ಹೊಂಗೆ ಮರಗಳು ಎಲೆ ಉದುರಿಸಲು ಶುರುಮಾಡುತ್ತವೆ. ಎರಡು ಮೂರು ವಾರಗಳ ಸಡಗರ ಅಷ್ಟೆ. ಮರ ಬೋಳಾಗಿ, ಎಳೆ ಹಸಿರು ಚಿಗುರು ತೊಟ್ಟು, ಅದರ ಬೆನ್ನಿಗೇ ಹೂ ಸುರಿಸಲು ತೊಡಗುತ್ತದೆ. ನಮ್ಮ ಬೀದಿಯಲ್ಲಿ ಇಂಥ ಹದಿನಾಲ್ಕು ಮರಗಳಿವೆ. ಬೆಳಗ್ಗೆ ಆರೂವರೆಗೆ ಗುಡಿಸುವ ಹೆಂಗಸು ಬರುತ್ತಾರೆ, ಹಿಡಿಸೂಡಿಯನ್ನು ಉದ್ದನೆಯ ಕೋಲಿಗೆ ಕಟ್ಟಿಕೊಂಡು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಸೊಂಟದೆತ್ತರದ ಐದಾರು ರಾಶಿ. ಗುಡಿಸಿದ ಜಾಗದಲ್ಲಿ ಅವರ ಬೆನ್ನ ಹಿಂದೆಯೇ ಮತ್ತೆ ಎಲೆ ಬಿದ್ದಿರುತ್ತದೆ.

"ಇದನ್ನೆಲ್ಲ ಎಲ್ಲಿಗೆ ಒಯ್ಯುತ್ತಾರಮ್ಮಾ?" ಎಂದು ಒಂದು ದಿನ ಕೇಳಿದೆ.

"ಎಲ್ಲಿಗೆ ಸಾರ್? ಗಾಡಿಗೆ ಹಾಕಿದರೆ ಅರ್ಧ ಗಾಡಿ ಸರುಗಲ್ಲೇ ತುಂಬಿ ಹೋಗುತ್ತೆ. ಮನೆ ಕಸ ನನ್ನ ತಲೆ ಮೇಲೆ ಹೊರಲಾ?"

ಸರುಗು ಅಂದರೆ ತಮಿಳಿನಲ್ಲಿ ಒಣಗಿದ ಎಲೆ. ನಮ್ಮೂರ ಕಡೆ ದರಗು ಎನ್ನುವುದು ಇದನ್ನೇ. ಆ ದಿನ ಮಧ್ಯಾಹ್ನ ಹಾಲು ತರಲು ಹೋದಾಗ ರಾಶಿ ಇದ್ದ ಎರಡು ಕಡೆ ಡಾಂಬರಿನ ಮೇಲೆ ಬೂದಿಯ ವೃತ್ತ, ನಡುವೆ ಕರಗಿದ ಪ್ಲಾಸ್ಟಿಕ್ಕಿನ ಒಂದು ಗಂಟು. ಕಡ್ಡಿ ಗೀರಿದವರು ಯಾರೋ. ವಾಚ್‌ಮನ್ ಇರಬಹುದು, ಎದುರು ಮನೆಯ ಯಜಮಾನರಿರಬಹುದು. ಇಂಥದಕ್ಕೆ ಸಾಕ್ಷಿ ಸಿಗುವುದಿಲ್ಲ.

ಸರ್ಕಾರಿ ನೆಲದ ಮೇಲೆ ಬಿದ್ದ ಎಲೆ, ಕಡಿದ ಕೊಂಬೆ, ಕತ್ತರಿಸಿದ ಹುಲ್ಲು ಇವನ್ನು ಸರ್ಕಾರವೇ ಅಲ್ಲಲ್ಲೇ ಗೊಬ್ಬರ ಮಾಡಬಾರದೇ? ಕೇಳಲು ಸಣ್ಣ ಪ್ರಶ್ನೆ. ಉತ್ತರ ಹುಡುಕಹೊರಟರೆ ಕಾನೂನು, ರಸಾಯನ, ಇಲಾಖೆಗಳ ಗಡಿಜಗಳ, ನಮ್ಮ ಮೂಗಿನ ಸೂಕ್ಷ್ಮ ಎಲ್ಲವೂ ಒಂದರ ಕಾಲಿಗೆ ಒಂದು ತೊಡರಿಕೊಳ್ಳುತ್ತವೆ.

ಮೊದಲು ನೆಲದ ಲೆಕ್ಕ. 1688ರಲ್ಲಿ ಶುರುವಾದ, ದೇಶದಲ್ಲೇ ಅತಿ ಹಳೆಯದಾದ ಈ ನಗರಪಾಲಿಕೆ 2011ರಲ್ಲಿ ಸುತ್ತಲ ಊರುಗಳನ್ನೆಲ್ಲ ಸೇರಿಸಿಕೊಂಡು 426 ಚದರ ಕಿಲೋಮೀಟರಿಗೆ ಬೆಳೆಯಿತು. 15 ವಲಯ, 200 ವಾರ್ಡು. ದಿನಕ್ಕೆ ಐದು ಸಾವಿರ ಟನ್ನಿಗೂ ಮಿಕ್ಕ ಕಸ. ದಶಕಗಳಿಂದ ಅದು ಹೋಗಿ ಬಿದ್ದದ್ದು ಎರಡೇ ಕಡೆ: ಉತ್ತರದಲ್ಲಿ ಕೊಡುಂಗೈಯೂರು, ದಕ್ಷಿಣದಲ್ಲಿ ಪೆರುಂಗುಡಿ. ಪೆರುಂಗುಡಿಯ ಕಸದ ಗುಡ್ಡ ಕೂತಿರುವುದು ಪಳ್ಳಿಕರಣೈ ಜೌಗಿನ ಮೇಲೆ. ಆ ಜೌಗಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಯ ಗೌರವ ಸಿಕ್ಕಿತು. ಅದೇ ವರ್ಷ ಏಪ್ರಿಲ್ ಕೊನೆಗೆ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ತೇಗಿನಂತೆ ಹೊಮ್ಮುವ ಮಿಥೇನ್ ಅನಿಲದ ಜೊತೆ ಒಣ ಕೊಂಬೆರೆಂಬೆಯೂ ಇದ್ದರೆ ಅಂಥ ಬೆಂಕಿಗೆ ಬೇರೆ ಎಣ್ಣೆ ಬೇಡ. ಈಗ ಆ ಹಳೆಯ ಗುಡ್ಡವನ್ನು ಅಗೆದು, ಜರಡಿ ಹಿಡಿದು, ನೆಲ ಬಿಡಿಸಿಕೊಳ್ಳುವ ಕೆಲಸಕ್ಕೆ ಕೋಟಿಗಟ್ಟಲೆ ಸುರಿಯುತ್ತಿದ್ದಾರೆ. ಒಂದು ಕಡೆ ಅಗೆಯುವುದು, ಇನ್ನೊಂದು ಕಡೆ ಎಲೆ ಒಯ್ದು ಸುರಿಯುವುದು ಎಂದಾದರೆ ಅದು ಬುಡ ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ಎಲೆಯ ವಿಚಿತ್ರವೆಂದರೆ ಅದಕ್ಕೆ ತೂಕವಿಲ್ಲ, ಗಾತ್ರ ಬೇಕಾದಷ್ಟು. ಲಾರಿ ತುಂಬ ತರಗೆಲೆ ಹೇರಿ ಇಪ್ಪತ್ತು ಕಿಲೋಮೀಟರು ಓಡಿಸಿದರೆ ನಾವು ಸಾಗಿಸಿದ್ದು ಮುಕ್ಕಾಲುಪಾಲು ಗಾಳಿಯನ್ನು. ಟನ್ನಿಗೆ ಇಷ್ಟು ಎಂದು ಕಸಕ್ಕೆ ಹಣ ಕೊಡುವ ಗುತ್ತಿಗೆ ಪದ್ಧತಿ ಈ ಊರಿನಲ್ಲಿ ವರ್ಷಗಟ್ಟಲೆ ನಡೆದಿದೆ. ತೂಕಕ್ಕೆ ದುಡ್ಡು ಎಂದಾಗ ಗುತ್ತಿಗೆದಾರನಿಗೆ ಎಲೆಯ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಹೊತ್ತರೆ ನಷ್ಟ, ಬಿಟ್ಟರೆ ದೂರು, ಸುಟ್ಟರೆ ಎರಡೂ ಇಲ್ಲ. ಬೀದಿ ಬದಿಯ ಬೂದಿ ವೃತ್ತದ ಅರ್ಥಶಾಸ್ತ್ರ ಇಷ್ಟೇ.

ಕಾನೂನು ಈ ವಿಷಯದಲ್ಲಿ ಆಶ್ಚರ್ಯಪಡುವಷ್ಟು ಸ್ಪಷ್ಟವಾಗಿದೆ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ತೋಟಗಾರಿಕೆ ಮತ್ತು ಉದ್ಯಾನದ ಕಸವನ್ನು ಸ್ಥಳೀಯ ಸಂಸ್ಥೆ ಬೇರೆಯಾಗಿಯೇ ಸಂಗ್ರಹಿಸಬೇಕು, ಸಾಧ್ಯವಾದಷ್ಟೂ ಆಯಾ ಉದ್ಯಾನದೊಳಗೇ ಸಂಸ್ಕರಿಸಬೇಕು ಎಂದವು. ಮನೆಯವರು ತಮ್ಮ ತೋಟದ ಕಸವನ್ನು ತಮ್ಮ ಆವರಣದಲ್ಲೇ ಬೇರೆ ಇಟ್ಟುಕೊಳ್ಳಬೇಕು. ಬೀದಿಗೆ ಎಸೆಯುವಂತಿಲ್ಲ, ಸುಡುವಂತಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶ ಕೊಟ್ಟಿತು. ಆ ಆದೇಶ ಹೊರಟದ್ದು ನಮ್ಮ ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ್ದ ಅರ್ಜಿಯ ಬಾಲ ಹಿಡಿದು. ಇಪ್ಪತ್ತು ವರ್ಷ ಆ ಹೆಂಗಸು ಕಸದ ಬೆನ್ನು ಹತ್ತಿದ್ದರು.

"ಸಾಧ್ಯವಾದಷ್ಟೂ" ಎಂಬ ಒಂದು ಪದ ಮಾತ್ರ ಆ ನಿಯಮದಲ್ಲಿ ಇರಬಾರದಿತ್ತು. ಆಫೀಸಿನ ಭಾಷೆಯಲ್ಲಿ ಅದು ರಜಾ ಚೀಟಿ ಇದ್ದ ಹಾಗೆ.

ಇಲ್ಲಿ ನನಗೆ ಊರು ನೆನಪಾಗುತ್ತದೆ. ನಾನು ಕಾಸರಗೋಡು ಕಡೆಯವನು. ನಮ್ಮಲ್ಲಿ ತರಗೆಲೆ ಕಸವಾಗಿರಲಿಲ್ಲ, ಹಕ್ಕಾಗಿತ್ತು. ಕುಮ್ಕಿ ಎಂದರೆ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ ಒಂದು ಮಾತು. ಹಳೆಯ ವರ್ಗ ಜಮೀನಿನ, ಅಂದರೆ ಪಟ್ಟಾ ಹಿಡುವಳಿಯ, ಸುತ್ತ ನೂರು ಗಜದೊಳಗೆ ಇರುವ ಸರ್ಕಾರಿ ಪಾಳು ನೆಲದಿಂದ ಸೊಪ್ಪು, ತರಗೆಲೆ, ಸೌದೆ ತರುವ ಸವಲತ್ತು ಆ ಜಮೀನಿನ ಹಿಡುವಳಿದಾರನಿಗೆ ಇತ್ತು. ನೆಲ ಸರ್ಕಾರದ್ದು, ಎಲೆ ರೈತನದು. ಇದನ್ನು ಬರೆದಿಟ್ಟದ್ದು ಯಾರು? ಇದೇ ಮದರಾಸಿನ ರೆವಿನ್ಯೂ ಬೋರ್ಡು, ಚೇಪಾಕಿನ ಅರಮನೆಯಲ್ಲಿ ಕೂತು. ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತಲ್ಲ. ಕರ್ನಾಟಕಕ್ಕೆ ಬಂದ ಭಾಗದಲ್ಲಿ 1964ರ ಭೂಕಂದಾಯ ಕಾಯಿದೆ ಕುಮ್ಕಿ, ಬಾಣೆ, ಕಾನೆ, ಬೆಟ್ಟ ಮುಂತಾದ ಸವಲತ್ತುಗಳನ್ನು ಹೆಸರಿಟ್ಟು ಉಳಿಸಿಕೊಂಡಿತು. ಉತ್ತರ ಕನ್ನಡದ ಅಡಕೆ ಬೆಳೆಗಾರರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟದ್ದೂ ಇದೇ ತಿಳಿವಳಿಕೆಯಿಂದ. ಚೇಪಾಕಿನ ಗುಮಾಸ್ತರು ಮುನ್ನೂರಕ್ಕೂ ಹೆಚ್ಚು ಮೈಲಿ ಆಚೆಯ ಗುಡ್ಡದ ಎಲೆಗೆ ಹಕ್ಕುಪತ್ರ ಬರೆದರು. ತಮ್ಮ ಕಿಟಕಿ ಹೊರಗೆ ಬೀಳುತ್ತಿದ್ದ ಎಲೆಗೆ ಬರೆಯಲಿಲ್ಲ.

ನಮ್ಮ ಅಜ್ಜಿಯ ಕಾಲದಲ್ಲಿ ಬೇಸಿಗೆಯ ಬೆಳಗ್ಗೆ ಹೆಂಗಸರು ಬುಟ್ಟಿ ಹಿಡಿದು ಗುಡ್ಡೆಗೆ ಹೋಗುತ್ತಿದ್ದರು. ಇಬ್ಬನಿಯ ಪಸೆ ಇರುವಾಗಲೇ ಗುಡಿಸಬೇಕು, ಬಿಸಿಲೇರಿದರೆ ಎಲೆ ಪುಡಿಯಾಗಿ ಬುಟ್ಟಿಯಲ್ಲಿ ನಿಲ್ಲುವುದಿಲ್ಲ. ತಂದದ್ದು ಹಟ್ಟಿಯಲ್ಲಿ ದನದ ಕಾಲಡಿಗೆ. ದಿನವೂ ಒಂದು ಪದರ ದರಗು, ಅದರ ಮೇಲೆ ಗಂಜಲ, ಸಗಣಿ, ಮತ್ತೆ ದರಗು. ವಾರಗಟ್ಟಲೆ ತುಳಿಸಿಕೊಂಡ ಆ ಹಾಸು ಗೊಬ್ಬರದ ಗುಂಡಿಗೆ ಹೋಗಿ ಮಳೆಗಾಲದ ಮುಂಚೆ ಗದ್ದೆಗೆ ಬೀಳುತ್ತಿತ್ತು. ಹಾಗೆಂದು ನಮ್ಮ ಹಿರಿಯರು ಎಲೆ ಸುಡುತ್ತಲೇ ಇರಲಿಲ್ಲ ಎಂದರೆ ಸುಳ್ಳಾದೀತು. ತರಕಾರಿ ಸಾಲಿಗೆ ಸುಡುಮಣ್ಣು ಮಾಡಲು ದರಗು, ಮಣ್ಣು ಒಟ್ಟಿ ಬೆಂಕಿ ಇಡುತ್ತಿದ್ದರು. ಆದರೆ ಆ ಬೂದಿ ಬೆಂಡೆ ಸಾಲಿನ ಬುಡಕ್ಕೆ ಹೋಗುತ್ತಿತ್ತು, ಪಕ್ಕದ ಮನೆಯ ಕೂಸಿನ ಶ್ವಾಸಕೋಶಕ್ಕಲ್ಲ.

ಹಟ್ಟಿಯ ಆ ಹಾಸಿನಲ್ಲಿ ಈ ಲೇಖನದ ಮುಖ್ಯ ಮಾತು ಅಡಗಿದೆ. ಸ್ವಲ್ಪ ವಿಜ್ಞಾನ ಹೇಳಿ ಅದಕ್ಕೆ ಬರುತ್ತೇನೆ.

ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಅನ್ನವಿದ್ದಂತೆ, ಸಾರಜನಕ ಸಾರು. ಎರಡೂ ಹದವಾಗಿ ಬೇಕು. ಸಾರಜನಕ ಒಂದು ಪಾಲು ಇದ್ದರೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲು ಇರುವುದು ಒಳ್ಳೆಯ ಅಳತೆ. ಒಣ ಎಲೆಯಲ್ಲಿ ಇಂಗಾಲ ನಲವತ್ತರಿಂದ ಎಂಬತ್ತು ಪಾಲು: ಬರೀ ಅನ್ನ, ಗಂಟಲಿಗೆ ಇಳಿಯದು. ಹಾಗಾಗಿ ಎಲೆಯನ್ನೇ ಗುಡ್ಡೆ ಹಾಕಿ ಬಿಟ್ಟರೆ ವರ್ಷವಾದರೂ ತಳದಲ್ಲಿ ಎಲೆ ಎಲೆಯಾಗಿಯೇ ಇರುತ್ತದೆ. ಅಡುಗೆಮನೆ ಕಸದಲ್ಲಿ ಹದಿನೈದು ಇಪ್ಪತ್ತು ಪಾಲು ಮಾತ್ರ: ಬರೀ ಸಾರು. ಅದನ್ನೇ ತೊಟ್ಟಿಗೆ ತುಂಬಿದರೆ ನೀರೊಡೆದು, ಗಾಳಿಯಾಡದೆ, ಅಮೋನಿಯಾ ಘಾಟು ಹೊಡೆದು, ಹುಳು ಬಿದ್ದು, ಇಡೀ ಬೀದಿ ಮೂಗು ಮುಚ್ಚಿಕೊಳ್ಳುತ್ತದೆ.

ಇದು ಇಂದು ನಿನ್ನೆಯ ಶೋಧವಲ್ಲ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ರೈತರ ರೂಢಿಯನ್ನೇ ಕ್ರಮಕ್ಕೆ ತಂದು, ಸಹೋದ್ಯೋಗಿ ಯಶವಂತ ವಾಡ್ ಜೊತೆ ಪುಸ್ತಕ ಬರೆದರು. ಪದರ ಪದರವಾಗಿ ಒಟ್ಟಿ ಮಗುಚುವ ಆ ಕ್ರಮ ಇಂದೋರ್ ಪದ್ಧತಿ ಎಂದು ಜಗತ್ತಿಗೆಲ್ಲ ಗೊತ್ತಾಯಿತು. ಪೇಟೆಯ ಕಸಕ್ಕೆ ಹೊಂದುವ ಇನ್ನೊಂದು ಕ್ರಮ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ರೂಪಿಸಿದ ಇದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ಕಂದಕ ತೋಡಿ ಬೀದಿ ಕಸ ಒಂದು ಪದರ, ಮಲ ಒಂದು ಪದರ ಹಾಕಿ, ಮೇಲೆ ಮಣ್ಣು ಮೆತ್ತಿ ಎಂಟು ಒಂಬತ್ತು ತಿಂಗಳು ಬಿಡುವುದು. ಮಗುಚುವ ಕೂಲಿ ಇಲ್ಲ, ನೊಣವಿಲ್ಲ. ತಮಿಳುನಾಡಿನದೇ ಆದ ಕೊಯಮತ್ತೂರು ಪದ್ಧತಿ ಎರಡರ ನಡುವಿನದು: ಮೊದಲು ಮಣ್ಣು ಮೆತ್ತಿ ಕೊಳೆಸಿ, ಆಮೇಲೆ ತೆಗೆದು ಮಗುಚುವುದು. ಮುಂದೆ ಇದೇ ಚೆನ್ನೈಯ ನ್ಯೂ ಕಾಲೇಜಿನಲ್ಲಿದ್ದ ಸುಲ್ತಾನ್ ಇಸ್ಮಾಯಿಲ್, ಹೊರದೇಶದ ಎರೆಹುಳು ತರಿಸುವುದೇಕೆ, ನಮ್ಮ ನೆಲದ ಹುಳುವೇ ಸಾಕು ಎಂದು ಮಾಡಿ ತೋರಿಸಿದರು. ಪಮ್ಮಲ್ ಎಂಬ ಹೊರವಲಯದ ಊರಿನಲ್ಲಿ 1990ರ ದಶಕದಲ್ಲಿ ಹೆಂಗಸರ ಒಂದು ಗುಂಪು ಮನೆಮನೆಯ ಕಸ ತಂದು ಎರೆಗೊಬ್ಬರ ಮಾಡಿತು. ಅಂದರೆ ಈ ಊರಿಗೆ ವಿದ್ಯೆ ಕಡಿಮೆಯಿಲ್ಲ.

ಈಗ ಮುಖ್ಯ ಮಾತು. ಕಳೆದ ಹತ್ತು ವರ್ಷಗಳಲ್ಲಿ ಚೆನ್ನೈಯಲ್ಲಿ ನೂರಕ್ಕೂ ಹೆಚ್ಚು ಮೈಕ್ರೋ ಕಾಂಪೋಸ್ಟ್ ಕೇಂದ್ರಗಳು ಎದ್ದಿವೆ. ಶೀಟಿನ ಮಾಡು, ಸಾಲು ಸಾಲು ತೊಟ್ಟಿ, ಒಂದು ಕತ್ತರಿಸುವ ಯಂತ್ರ. ಮನೆಗಳ ಹಸಿ ಕಸ ಅಲ್ಲಿಗೆ ಬರುತ್ತದೆ. ಹಲವು ಕಡೆ ಅಕ್ಕಪಕ್ಕದವರ ಮೊದಲ ದೂರು ನಾತ. ಅದೇ ವಾರ್ಡಿನಲ್ಲಿ, ಎರಡು ಬೀದಿ ಆಚೆ, ಆ ನಾತಕ್ಕೆ ಮದ್ದಾಗಬೇಕಿದ್ದ ಒಣ ಎಲೆ ಹೊಗೆಯಾಗಿ ಹೋಗುತ್ತಿರುತ್ತದೆ. ಒಂದು ಕಡೆ ಬರೀ ಸಾರು, ಒಂದು ಕಡೆ ಬರೀ ಅನ್ನ, ಇಬ್ಬರೂ ಹಸಿದಿದ್ದಾರೆ. ನಮ್ಮಜ್ಜಿ ಹಟ್ಟಿಯಲ್ಲಿ ಗಂಜಲದ ಮೇಲೆ ದರಗು ಚೆಲ್ಲುತ್ತಿದ್ದದ್ದು ದನಕ್ಕೆ ಮೆತ್ತಗಿರಲಿ ಎಂಬುದಕ್ಕೆ ಮಾತ್ರವಲ್ಲ, ಹಟ್ಟಿ ನಾರದಿರಲಿ ಎಂದೂ ಹೌದು. ಎಲೆಕಸದ ಸಮಸ್ಯೆ ಮತ್ತು ಅಡುಗೆಕಸದ ಸಮಸ್ಯೆ ಎಂದು ಚೆನ್ನೈ ಎರಡು ಕಡತ ತೆರೆದಿದೆ. ನನ್ನ ಪ್ರಕಾರ ಅದು ಒಂದೇ ಕಡತ, ನಡುವೆ ಹರಿದು ಎರಡು ಮೇಜಿನ ಮೇಲೆ ಬಿದ್ದಿದೆ.

ಹರಿದದ್ದು ಹೇಗೆ ಎಂದರೆ, ಮೇಜುಗಳೇ ಬೇರೆ ಬೇರೆ. ಬೀದಿ ಗುಡಿಸುವುದು ಘನತ್ಯಾಜ್ಯ ವಿಭಾಗ ಅಥವಾ ಅದರ ಗುತ್ತಿಗೆದಾರ. ಉದ್ಯಾನ ನೋಡಿಕೊಳ್ಳುವುದು ಪಾಲಿಕೆಯದೇ ಉದ್ಯಾನ ವಿಭಾಗ. ಈಶಾನ್ಯ ಮಳೆಗೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯುವುದು ವಿದ್ಯುತ್ ಮಂಡಳಿ. ಕಡಿದವರು ಒಯ್ಯುವುದಿಲ್ಲ, ಒಯ್ಯುವವರಿಗೆ ಕಡಿದದ್ದು ಗೊತ್ತಾಗುವುದಿಲ್ಲ. ನದಿ ಕಾಲುವೆ ದಂಡೆ ಜಲಸಂಪನ್ಮೂಲ ಇಲಾಖೆಯದು, ಹಳಿಯ ಬದಿ ರೈಲ್ವೆಯದು. ಒಂದೇ ಮಳೆಮರದ ಎಲೆ ಗಾಳಿ ಬೀಸಿದ ಕಡೆಗೆ ಮೂರು ಇಲಾಖೆಯ ನೆಲದ ಮೇಲೆ ಬೀಳಬಹುದು.

ಇಡೀ ಚೆನ್ನೈಯಲ್ಲಿ ಎಲೆಯನ್ನು ಅತ್ಯುತ್ತಮವಾಗಿ ನಿಭಾಯಿಸುತ್ತಿರುವ ಸರ್ಕಾರಿ ನೆಲ ಯಾವುದು ಗೊತ್ತೇ? ಗಿಂಡಿ ರಾಷ್ಟ್ರೀಯ ಉದ್ಯಾನ. ಊರಿನ ನಡುವೆ 270 ಹೆಕ್ಟೇರು ಕಾಡು. ಅಲ್ಲಿ ಯಾರೂ ಏನೂ ಮಾಡುವುದಿಲ್ಲ. ಎಲೆ ಬೀಳುತ್ತದೆ, ಜಿಂಕೆ ತುಳಿಯುತ್ತದೆ, ಗೆದ್ದಲು ತಿನ್ನುತ್ತದೆ, ಮಳೆ ಬರುತ್ತದೆ. ಅರಣ್ಯ ಇಲಾಖೆಯ ಸೋಮಾರಿತನವನ್ನು ನಾನು ಮನಸಾರೆ ಹೊಗಳುವ ಜಾಗ ಅದೊಂದೇ.

ಕಾಡಿಗೆ ಒಪ್ಪುವುದು ಉದ್ಯಾನಕ್ಕೆ ಪೂರ್ತಿ ಒಪ್ಪುವುದಿಲ್ಲ, ನಿಜ. ಪಾಲಿಕೆಯ ಕೈಯಲ್ಲಿ ಏಳುನೂರಕ್ಕೂ ಮಿಕ್ಕಿ ಉದ್ಯಾನಗಳಿವೆ. ಬಹಳಷ್ಟು ಬಡಾವಣೆಯ ಮೂಲೆಯ ತುಂಡು ನೆಲ. ಕೆಲವು ಮಾತ್ರ ಹೆಸರಾದವು. ಅಣ್ಣಾನಗರದ ಟವರ್ ಪಾರ್ಕು 1968ರ ವಾಣಿಜ್ಯ ಮೇಳಕ್ಕೆಂದು ಎದ್ದದ್ದು. ಅದರ ಪೂರ್ಣ ಹೆಸರು ಡಾ. ವಿಶ್ವೇಶ್ವರಯ್ಯ ಟವರ್ ಪಾರ್ಕ್ ಎಂಬುದು ಅಲ್ಲಿ ದಿನಾ ವಾಕಿಂಗ್ ಮಾಡುವ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಪಾಲಿಕೆಯದಲ್ಲದಿದ್ದರೂ ಕೆಥೀಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1835ರ ಕೃಷಿ ತೋಟಗಾರಿಕೆ ಸೊಸೈಟಿಯ ತೋಟದಲ್ಲಿ ನಮ್ಮ ಉಡುಪಿ ಕಡೆಯ ಕೆ. ಕೃಷ್ಣರಾಯರು 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ತೆರೆದರು. ಕಾರಿನಲ್ಲೇ ಕೂತು ಮರದಡಿ ದೋಸೆ ತಿನ್ನಬಹುದಿತ್ತು, ಬಾನೆಟ್ಟಿನ ಮೇಲೆ ಎಲೆ ಉದುರುತ್ತಿತ್ತು. 2008ರಲ್ಲಿ ಹೋಟೆಲು ಮುಚ್ಚಿ, 2010ರಲ್ಲಿ ಅದೇ ನೆಲದಲ್ಲಿ ಸರ್ಕಾರಿ ಉದ್ಯಾನ ಬಂತು. ದೋಸೆ ಹೋಯಿತು. ಎಲೆ ಇನ್ನೂ ಉದುರುತ್ತಿದೆ.

ಇಂಥ ಉದ್ಯಾನಕ್ಕೆ ಬೇಕಾದದ್ದು ತಂತಿಬಲೆಯ ಪಂಜರ. ನಾಲ್ಕು ಕೋನಪಟ್ಟಿ, ಕೋಳಿಬಲೆ, ಕೆಳಗೆ ಬರೀ ನೆಲ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಎಲೆ ತುಂಬಿ ತುಳಿದು, ಪ್ರತಿ ಪದರಕ್ಕೂ ಸಗಣಿ ನೀರೋ ಹುಳಿ ಮಜ್ಜಿಗೆಯೋ ಹೊಯ್ದು, ಹದಿನೈದು ದಿನಕ್ಕೊಮ್ಮೆ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಬೇಕು; ಅದಕ್ಕಿಂತ ಹೆಚ್ಚಾದರೆ ನೀರು ಹೆಚ್ಚು, ಒಸರದಿದ್ದರೆ ಕಡಿಮೆ. ಸರಿಯಾಗಿ ಒಟ್ಟಿದ ರಾಶಿಯ ಹೊಟ್ಟೆಯಲ್ಲಿ ಮೂರನೇ ದಿನಕ್ಕೆ 55-60 ಡಿಗ್ರಿ ಬಿಸಿ. ಕೈ ಹಾಕಿದರೆ ಥಟ್ಟನೆ ಎಳೆದುಕೊಳ್ಳುತ್ತೀರಿ. ಮೂರು ನಾಲ್ಕು ತಿಂಗಳಿಗೆ ರಾಶಿ ಕಾಲು ಭಾಗಕ್ಕೆ ಇಳಿದು ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯಲ್ಲಿ ಕೂತಿರುತ್ತದೆ. ಎಲ್ಲ ಎಲೆಯೂ ಒಂದೇ ಸಮ ಕೊಳೆಯುವುದಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು. ಮಳೆಮರದ್ದು ಪುಡಿ ಎಲೆ, ಬೇಗ ಕರಗುತ್ತದೆ. ಹೊಂಗೆ ಒಳ್ಳೆಯದು, ನಮ್ಮ ರೈತರು ಗದ್ದೆಗೆ ತುಳಿಯುತ್ತಿದ್ದ ಸೊಪ್ಪೇ ಅದು. ಮಾವು, ಕಾಡುಬಾದಾಮಿ, ಕಾಂಪೌಂಡಿನ ಉದ್ದದ ಅಶೋಕ ಇವು ಚರ್ಮದಂಥವು, ಹಠಮಾರಿಗಳು. ತೆಂಗಿನ ಮಡಲು ಯಂತ್ರಕ್ಕೆ ಕೊಡದೆ ಆಗದು.

ಬೆಂಗಳೂರು ಈ ದಾರಿಯಲ್ಲಿ ಸ್ವಲ್ಪ ಮುಂದೆ ನಡೆದು ಎಡವಿದೆ, ಎರಡರಿಂದಲೂ ಕಲಿಯುವುದಿದೆ. 1975ರಲ್ಲೇ ಅಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಕಾಂಪೋಸ್ಟಿಗಾಗಿಯೇ ಒಂದು ಸರ್ಕಾರಿ ನಿಗಮ! ಹರಳುಕುಂಟೆಯ ಬಯಲಲ್ಲಿ ಕೂತಿದ್ದ ಅದರ ಸುತ್ತ ಊರು ಬೆಳೆದು, ಎಚ್‌ಎಸ್‌ಆರ್ ಬಡಾವಣೆಯ ಜನ ನಾತ ತಾಳಲಾರದೆ ಬೀದಿಗಿಳಿದರು. ಊರ ಕಸವನ್ನೆಲ್ಲ ಒಂದೇ ಕಡೆ ತಂದು ಒಟ್ಟಿದರೆ ಗೊಬ್ಬರದ ಕಾರ್ಖಾನೆಯೂ ಕಸದ ಗುಡ್ಡವೇ ಆಗುತ್ತದೆ. ಅದೇ ಎಚ್‌ಎಸ್‌ಆರ್ ಬಡಾವಣೆಯಲ್ಲಿ ಈಗ ಕಾಂಪೋಸ್ಟ್ ಕಲಿಸುವ ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಇದೆ, ಪಾರ್ಕುಗಳಲ್ಲಿ ಎಲೆಯ ಪಂಜರಗಳಿವೆ. ಹನ್ನೆರಡು ವರ್ಷಕ್ಕೆ ತಿಪ್ಪೆಗೂ ಒಂದು ಕಾಲ ಬರುತ್ತದೆ ಅನ್ನುತ್ತಾರಲ್ಲ, ಅಲ್ಲಿ ನಲವತ್ತು ವರ್ಷ ಹಿಡಿಯಿತು. ಅಷ್ಟಾದರೂ ಬೆಂಗಳೂರಿನ ಬೀದಿಗಳಲ್ಲಿ ಫೆಬ್ರವರಿಯ ಹೊಗೆ ನಿಂತಿಲ್ಲ. ಪಂಜರ ಇಟ್ಟವರು ಬಹುತೇಕ ನಿವಾಸಿಗಳು. ಅವರು ಮನೆ ಬದಲಿಸಿದರೆ ಪಂಜರ ಅನಾಥ.

ಹೊರದೇಶದ ಲೆಕ್ಕ ಒಂದನ್ನೇ ಕೊಡುತ್ತೇನೆ. ಅಮೆರಿಕದ ಹಲವು ರಾಜ್ಯಗಳು ಅಂಗಳದ ಎಲೆಹುಲ್ಲನ್ನು ಕಸದ ಗುಂಡಿಗೆ ಹಾಕುವುದನ್ನೇ ನಿಷೇಧಿಸಿವೆ. 2018ರಲ್ಲಿ ಆ ದೇಶದಲ್ಲಿ ಹುಟ್ಟಿದ ಇಂಥ ಕಸ 3.54 ಕೋಟಿ ಟನ್, ಅದರಲ್ಲಿ ಶೇ. 63 ಗೊಬ್ಬರಕ್ಕೋ ನೆಲಹೊದಿಕೆಗೋ ಹೋಯಿತು. ಅಲ್ಲಿಯವರು ನಮಗಿಂತ ಪುಣ್ಯವಂತರೇನಲ್ಲ. ಗುಂಡಿಯ ಬಾಗಿಲು ಮುಚ್ಚಿದ್ದರಿಂದ ಬೇರೆ ದಾರಿ ಹುಡುಕಬೇಕಾಯಿತು.

ಚೆನ್ನೈಗೆ ಇನ್ನೊಂದು ವಿಶೇಷ ಕಷ್ಟವಿದೆ: ಚಂಡಮಾರುತ. 2016ರ ಡಿಸೆಂಬರ್ 12ರಂದು ವರ್ದಾ ಬಂದಾಗ ಒಂದೇ ಮಧ್ಯಾಹ್ನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮರ ಉರುಳಿದವು. ಬೀದಿ ಬೀದಿಯಲ್ಲಿ ಹಸಿರು ಗೋಡೆ. ವಾರಗಟ್ಟಲೆ ಸಿಕ್ಕ ಸಿಕ್ಕ ಬಯಲಿಗೆ ಒಟ್ಟಿದರು. ಪಂಜರದ ಲೆಕ್ಕ ಅಲ್ಲಿ ನಡೆಯದು ಎಂದು ಒಪ್ಪುತ್ತೇನೆ. ಅದಕ್ಕೆ ಲಾರಿಯ ಮೇಲೆ ಸಾಗುವ ದೊಡ್ಡ ಕತ್ತರಿಸುವ ಯಂತ್ರಗಳು, ವಲಯಕ್ಕೊಂದು ಮೊದಲೇ ಗುರುತಿಸಿಟ್ಟ ಬಯಲು ಬೇಕು. ದಪ್ಪ ಕೊಂಬೆಯನ್ನು ಚಕ್ಕೆ ಮಾಡಿ ಮರದ ಬುಡಕ್ಕೆ ನಾಲ್ಕಂಗುಲ ಹೊದಿಸಿದರೆ ಏಪ್ರಿಲ್ ಮೇ ಬಿಸಿಲಿಗೆ ಬುಡದ ನೀರು ಆರುವುದಿಲ್ಲ. ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲಂಚಿನ ಮರಳು ನೆಲಕ್ಕೆ ಇದಕ್ಕಿಂತ ಉಪಕಾರ ಬೇರೊಂದಿಲ್ಲ.

ಆದರೆ ಚಕ್ಕೆಗೆ ಬೇರೆ ಗಿರಾಕಿಗಳೂ ಇದ್ದಾರೆ. ಎಲೆ, ಕೊಂಬೆ, ಎಳನೀರ ಬುರುಡೆಯನ್ನು ಒತ್ತಿ ಉರುವಲು ಇಟ್ಟಿಗೆ ಮಾಡುವ ದಾರಿ ಒಂದು. ಕೊಡುಂಗೈಯೂರಿನಲ್ಲಿ ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರ ತರುವ ಯೋಜನೆ ಇನ್ನೊಂದು. 2025ರಲ್ಲಿ ಉತ್ತರ ಚೆನ್ನೈಯ ಜನ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿ ಅದನ್ನು ವಿರೋಧಿಸಿದರು. ನಮ್ಮ ಹಸಿ ಕಸ ಸುಮ್ಮನೆ ಉರಿಯುವ ವಸ್ತುವಲ್ಲ, ಅರ್ಧಕ್ಕರ್ಧ ನೀರು. ಅಂಥ ಒಲೆ ಚೆನ್ನಾಗಿ ಉರಿಯಬೇಕಾದರೆ ಒಣ ಎಲೆ ಕೊಂಬೆ ಬೇಕೇ ಬೇಕು. ಒಮ್ಮೆ ಆ ಬಾಯಿ ತೆರೆದರೆ ಪಾರ್ಕಿನ ಪಂಜರಕ್ಕೆ ಎಲೆ ಉಳಿಯುವುದು ಅನುಮಾನ. ಉರುವಲು ಇಟ್ಟಿಗೆಗೆ ನನ್ನ ತಕರಾರಿಲ್ಲ, ದಪ್ಪ ಕೊಂಬೆಗೆ ಅದು ಸರಿ. ಎಲೆಯನ್ನು ಮಾತ್ರ ಬೆಂಕಿಯ ಪಾಲಾಗಲು ಬಿಡಬಾರದು, ಒಲೆ ಚಿಕ್ಕದಿರಲಿ ದೊಡ್ಡದಿರಲಿ.

ನೆರೆಯವರ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾವು ಬರುತ್ತದೆ ಎನ್ನುತ್ತಾರೆ: ತಿಂಗಳುಗಟ್ಟಲೆ ಮುಟ್ಟದ ರಾಶಿಯಲ್ಲಿ ಬಂದೀತು, ಮಗುಚುವ ರಾಶಿಯಲ್ಲಿ ನಿಲ್ಲದು. ಸೊಳ್ಳೆ ಎನ್ನುತ್ತಾರೆ: ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ, ಎಲೆಯಲ್ಲಲ್ಲ; ರಾಶಿಗೆ ಹೊದಿಸಿದ ಟಾರ್ಪಾಲಿನ ಗುಳಿಯಲ್ಲಿ ನಿಂತ ನೀರು ನೋಡಿಕೊಂಡರೆ ಸಾಕು. ಯಾರೂ ಎತ್ತದ ಆದರೆ ನಿಜವಾದ ಒಂದು ಆಕ್ಷೇಪವನ್ನು ತೆಂಗಿನ ನಾಡಿನವನಾಗಿ ನಾನೇ ಎತ್ತುತ್ತೇನೆ: ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮರಿ ಮಾಡುವುದು ಗೊಬ್ಬರದ ಗುಂಡಿಯಲ್ಲೇ. ಮಗುಚುವಾಗ ಹೆಬ್ಬೆರಳು ಗಾತ್ರದ ಬಿಳಿ ಹುಳು ಕಂಡರೆ ಹೆಕ್ಕಿ ಕಾಗೆಗೆ ಹಾಕಬೇಕು. ಕಾಗೆಗಳಿಗೆ ಎರಡೇ ದಿನದಲ್ಲಿ ಈ ಅಭ್ಯಾಸವಾಗುತ್ತದೆ, ಮೂರನೇ ದಿನ ಅವೇ ಬಂದು ಕಾಯುತ್ತವೆ. ಇನ್ನು ಬೀದಿಯ ಎಲೆಯಲ್ಲಿ ಗುಟ್ಕಾ ಚೀಟಿ, ಗಾಜು, ಮರಳು ಬೆರೆತಿರುತ್ತದೆ; ಅದನ್ನು ಸೊಪ್ಪು ತರಕಾರಿಗೆ ಹಾಕದೆ ರಸ್ತೆ ಮಧ್ಯದ ಗಿಡಗಳಿಗೇ ಹಾಕುವುದು ಕ್ಷೇಮ.

ಗೊಬ್ಬರ ಮಾರಿ ಪಾಲಿಕೆ ಲಾಭ ಮಾಡುತ್ತದೆ ಎಂಬ ಕನಸನ್ನು ಮಾತ್ರ ಬಿಡಬೇಕು. ಪೇಟೆ ಕಾಂಪೋಸ್ಟ್ ಮಾರಾಟವಾಗಲೆಂದು 2016ರಲ್ಲಿ ಕೇಂದ್ರ ಟನ್ನಿಗೆ 1,500 ರೂಪಾಯಿ ಸಹಾಯಧನ ಘೋಷಿಸಬೇಕಾಯಿತು. ಎಲೆಗೊಬ್ಬರದ ಲಾಭ ಇರುವುದು ಓಡಿಸದ ಲಾರಿಯಲ್ಲಿ, ಕೊಳ್ಳದ ಕೆಂಪುಮಣ್ಣಿನಲ್ಲಿ, ಬೀಳದ ಬೆಂಕಿಯಲ್ಲಿ. ನಡೆಯದೆ ಇರುವ ಖರ್ಚನ್ನು ಬಜೆಟ್ಟಿನಲ್ಲಿ ತೋರಿಸಲು ಬರುವುದಿಲ್ಲ.

ಕೊನೆಗೆ ಬರುವುದು ಕೈಗಳ ಪ್ರಶ್ನೆ. ಪಂಜರ ಯಾರೂ ಇಡಬಹುದು, ಮಗುಚುವವರು ಯಾರು? ಈಗಾಗಲೇ ಬೆನ್ನು ಬಾಗಿದ ಗುಡಿಸುವ ಹೆಂಗಸಿನ ಮೇಲೆ ಇದನ್ನೂ ಹೇರಿದರೆ ಅದು ಅನ್ಯಾಯ. 2025ರ ಆಗಸ್ಟಿನಲ್ಲಿ ಈ ಊರಿನ ಪೌರಕಾರ್ಮಿಕರು ಖಾಸಗೀಕರಣದ ವಿರುದ್ಧ ಪಾಲಿಕೆಯ ಕಚೇರಿಯಾದ ರಿಪ್ಪನ್ ಕಟ್ಟಡದ ಎದುರು ಹಗಲು ರಾತ್ರಿ ಕೂತಿದ್ದರು. ಅವರ ದಿನಗೂಲಿಯ ಲೆಕ್ಕವೇ ಇತ್ಯರ್ಥವಾಗದಿರುವಾಗ ಎಲೆಯ ಲೆಕ್ಕ ಹೇಳಲು ನಾಚಿಕೆಯಾಗುತ್ತದೆ. ಏಳೆಂಟು ಪಾರ್ಕಿಗೆ ಒಬ್ಬರಂತೆ, ಇದೇ ಕೆಲಸಕ್ಕೆಂದು, ಖಾಯಂ ಸಂಬಳದ ಮೇಲೆ ಬೇರೆ ಜನ ಬೇಕು. ಸಮೀಪದ ಮೈಕ್ರೋ ಕಾಂಪೋಸ್ಟ್ ಕೇಂದ್ರಕ್ಕೆ ವಾರಕ್ಕೆ ಎರಡು ಗಾಡಿ ಒಣ ಎಲೆ ಮುಟ್ಟಿಸುವುದೂ ಅವರದೇ ಹೊಣೆಯಾಗಬೇಕು. ಇಷ್ಟಾದರೆ ಹೊಗೆಯೂ ಕಡಿಮೆ, ನಾತವೂ ಕಡಿಮೆ.

ನಮ್ಮ ವಠಾರದ ಹಿಂದೆ ನಾವು ನಾಲ್ಕು ಮನೆಯವರು ಎರಡು ಪಂಜರ ಇಟ್ಟು ಮೂರು ವರ್ಷವಾಯಿತು. ಹದಿನಾಲ್ಕು ಹೊಂಗೆಯ ಪೈಕಿ ಐದರ ಎಲೆಯನ್ನಷ್ಟೇ ಅವು ನುಂಗುತ್ತವೆ. ಜೂನ್ ಹೊತ್ತಿಗೆ ನಾಲ್ಕು ಚೀಲ ಗೊಬ್ಬರ. ಒಂದು ಚೀಲವನ್ನು ಗುಡಿಸುವ ಹೆಂಗಸು ಮಗನ ಸೈಕಲ್ಲಿನಲ್ಲಿ ಹೇರಿಸಿ ಒಯ್ದರು, ಮಲ್ಲಿಗೆ ಗಿಡಕ್ಕೆ. ಮಿಕ್ಕ ಒಂಬತ್ತು ಮರಗಳ ಎಲೆ ಈ ವರ್ಷವೂ ಗಾಡಿಗೆ ಹೋಯಿತು, ಒಂದಿಷ್ಟು ಬೆಂಕಿಗೆ.

ಚೆನ್ನೈಯಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಬೀದಿಯಲ್ಲಿ ಕಡಿದ ಕೊಂಬೆ ಬಿದ್ದಿದ್ದರೆ, ಎಲೆಗೆ ಬೆಂಕಿ ಬಿದ್ದಿದ್ದರೆ ಪಾಲಿಕೆಯ 1913 ನಂಬರಿಗೆ ಫೋನ್ ಮಾಡಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಉದ್ಯಾನದ ಕಸವನ್ನು ಉದ್ಯಾನದಲ್ಲೇ ಸಂಸ್ಕರಿಸಬೇಕು ಎಂಬ ನಿಯಮ 2016ರಿಂದಲೂ ಪುಸ್ತಕದಲ್ಲಿದೆ ಎಂದು ನಿಮ್ಮ ವಾರ್ಡಿನ ಕೌನ್ಸಿಲರಿಗೆ ಒಂದು ಕಾಗದ ಬರೆಯಿರಿ. ಎಲೆ ಉದುರುವ ಮುಂಚೆ, ಜನವರಿಯಲ್ಲೇ ಬರೆಯಿರಿ.